ಅಪ್‌ಡೇಟ್: ಅಕ್ಕನ ಬಾಕಿ ಸಂಬಳ ಬಂತು

ಮನೆಗಳಿಗೆ ಆರೈಕೆ ಮಾಡುವವರನ್ನು ಕಳಿಸುವ ತುಮಕೂರಿನ ಹೋಮ್ ಕೇರ್ ಏಜೆನ್ಸಿಯೊಂದು, ಕೆಲಸ ಬಿಟ್ಟ ನಮ್ಮಕ್ಕನ ಕೊನೆ ತಿಂಗಳ ಸಂಬಳ ಕೊಡ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೆ. ದುಡ್ಡು ಬಂತು! ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. 2019ರ ವೇತನ ಸಂಹಿತೆ ಅನ್ನೋ ಕಾನೂನಿನ ಪ್ರಕಾರ, ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ಅದನ್ನೇ ಬರೆದಿದ್ದೆವು.

ನಿಜವಾಗಿ ಕೈಹಿಡಿದಿದ್ದು ಅಕ್ಕನ ನೋಟ್‌ಬುಕ್. ಏಜೆನ್ಸಿ ಕಳಿಸಿದ್ದ ಕ್ಯಾತ್ಸಂದ್ರದ ಮನೆಯಲ್ಲಿ ಅಲ್ಲಿನ ಅಜ್ಜಿಯ ಮಗ್ಗುಲು ಬದಲಿಸಿದ್ದು, ಡೈಪರ್ ಬದಲಿಸಿದ್ದು, ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಅಂತ ಟೈಮ್ ಸಮೇತ ಬರೆದಿಟ್ಟಿದ್ದಳು. 'ರಾತ್ರಿ ಸುಮ್ನೆ ಮಲಗ್ತಾಳೆ' ಅಂತಿದ್ದ ಏಜೆನ್ಸಿಯವರು ಅದನ್ನ ನೋಡಿ ಮಾತಾಡಲಿಲ್ಲ. ಎಂಥ ಕಷ್ಟದ ಕೆಲಸ ಅಲ್ವಾ ಅದು!

ಓವರ್‌ಟೈಮ್ ಇನ್ನೂ ಬಾಕಿಯಿದೆ. ಅದಕ್ಕೆ ದುಪ್ಪಟ್ಟು ದರ ಕೊಡಬೇಕು, ಬಿಡೋದಿಲ್ಲ. ಹೊಸ ಕಡೆ ನೇಮಕ ಪತ್ರದಲ್ಲೇ ವಾರದ ರಜೆ ಬರೆಸಿಕೊಂಡು ಸೇರಿದ್ದಾಳೆ.