ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿಗೆ ಎಚ್ಚರಿಕೆ ಹೇಗೆ? (ಮುಳಬಾಗಿಲು ಕಡೆ)

ಕೆರೆಕೆಳಗಿನವ
ಮುಳಬಾಗಿಲು ತಾಲ್ಲೂಕು, 140 ಮನೆಯ ಊರು. ನಮ್ಮ ಕೆರೆಯ ಮೇಲೆ ಒಂದರ ಹಿಂದೊಂದು ಇನ್ನೆರಡು ಕೆರೆ. ಹತ್ತಿರದ್ದಕ್ಕೆ ಕಾಲುವೆ ದಾರಿಯಲ್ಲಿ 3 ಕಿ.ಮೀ. ಪಂಚಾಯ್ತಿಯವರು ಪ್ರವಾಹದ ಯೋಜನೆ ಬರೆದುಕೊಡಿ ಅಂದಿದ್ದಾರೆ. ಸಿಕ್ಕ ಮಾದರಿಗಳೆಲ್ಲ ಕೃಷ್ಣಾ, ಭೀಮಾ ತೀರದವು. ಇಷ್ಟು ಕ್ಯುಸೆಕ್ ಬಿಟ್ಟರು, ದೋಣಿ ತರಿಸಿ ಅಂತ. ನಮಗೆ ನದಿಯೂ ಇಲ್ಲ, ದೋಣಿಯೂ ಇಲ್ಲ. ಜನರನ್ನು ಯಾವಾಗ ಎಬ್ಬಿಸಬೇಕು? ಏರಿ (ಕೆರೆಯ ಮಣ್ಣಿನ ಕಟ್ಟೆ) ಹತ್ತಿರ ಏನಿಟ್ಟುಕೊಂಡಿರಬೇಕು?

ತೂಬಿನಕಲ್ಲು
ಮಳೆಯ ಲೆಕ್ಕಕ್ಕಿಂತ ಕೆರೆಯಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದು ಮುಖ್ಯ. ಹವಾಮಾನ ಇಲಾಖೆ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಅನ್ನುತ್ತದೆ. ಖಾಲಿ ಕೆರೆಗೆ 100 ಮಿ.ಮೀ. ಬಿದ್ದರೆ ಹಬ್ಬ, ತುಂಬಿದ ಕೆರೆಗೆ 50 ಬಿದ್ದರೂ ನಿದ್ದೆ ಇಲ್ಲ. ಒಂದು ಚದರ ಕಿ.ಮೀ. ಮೇಲೆ 1 ಮಿ.ಮೀ. ಅಂದರೆ 1000 ಘನ ಮೀಟರ್. ನಿಮ್ಮ ಕೆರೆಗೆ ನೀರು ಬರುವ ಪ್ರದೇಶ 5 ಚ.ಕಿ.ಮೀ. ಇದ್ದು, ನೆಲ ಮೊದಲೇ ನೆನೆದು ಅರ್ಧ ನೀರು ಹರಿದು ಬಂದರೆ 80 ಮಿ.ಮೀ. ಮಳೆಗೆ 2 ಲಕ್ಷ ಘನ ಮೀಟರ್. ಕೆ.ಸಿ. ವ್ಯಾಲಿ (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತರುವ ಯೋಜನೆ) ನೀರು ಬರುವ ಸರಣಿಯಾದರೆ ಇನ್ನೂ ಹುಷಾರು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿಯುವ ಮೊದಲೇ ಕೆರೆಯಲ್ಲಿ ನೀರಿರುತ್ತದೆ.

ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ) ಗೋಡೆಯ ಪಕ್ಕ ಬಣ್ಣದಲ್ಲಿ ಮೂರು ಗೆರೆ ಹಾಕಿ. ಕೋಡಿ ತಲೆಗೆ ಒಂದಡಿ ಕೆಳಗೆ ಹಳದಿ: ಅಲ್ಲಿಂದ ರಾತ್ರಿ ಪಾಳಿ ಶುರು. ಕೋಡಿ ಮಟ್ಟಕ್ಕೆ ಕಿತ್ತಳೆ: ಕಾಲುವೆ ಅಂಚಿನ ಮನೆಯವರು, ವಯಸ್ಸಾದವರು, ಬಾಣಂತಿಯರು ಆಗಲೇ ಹೊರಡಲಿ. ಏರಿಯ ತಲೆಗೆ ಒಂದು ಮೀಟರ್ ಬಾಕಿ ಇರುವಾಗ ಕೆಂಪು: ಕೆಳಗಿನ ಎಲ್ಲರೂ ಖಾಲಿ. ಈ ಒಂದು ಮೀಟರನ್ನು ಏರಿಯ ಅತಿ ತಗ್ಗಿನ ಜಾಗದಿಂದ ಅಳೆಯಬೇಕು. ಟ್ರಾಕ್ಟರ್, ಬೈಕ್ ಓಡಾಡಿ ಏರಿ ಎಲ್ಲೋ ಒಂದು ಕಡೆ ಕುಸಿದಿರುತ್ತದೆ, ನೀರು ಮೊದಲು ಹಾರುವುದು ಅಲ್ಲೇ. ಗಾರೆಯವರ ವಾಟರ್ ಲೆವೆಲ್ ಪೈಪಿನಲ್ಲಿ ಬೇಸಿಗೆಯಲ್ಲೇ ಮಟ್ಟ ಹಿಡಿದು, ತಗ್ಗಿಗೆ ಮಣ್ಣು ಹಾಕಿ ದಮ್ಮಸು ಮಾಡಿಸಿ.

ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದರಿಂದ ಒಂದೂವರೆ ಮೀಟರ್ ಓಡಿದರೆ 3 ಕಿ.ಮೀ.ಗೆ 33ರಿಂದ 50 ನಿಮಿಷ. ಮೇಲಿನ ಏರಿ ಒಡೆದರೆ ಅಷ್ಟೂ ಸಿಗದು. ಹಾಗಾಗಿ ಮೇಲಿನ ಊರಿನ ನೀರುಗಂಟಿ (ಕೆರೆ ನೀರು ನೋಡಿಕೊಳ್ಳುವವ) ಮತ್ತು ಏರಿ ಕಾಣುವ ಮನೆಯ ಇನ್ನೊಬ್ಬರು, ಇಬ್ಬರ ನಂಬರೂ ಇರಲಿ. ಕೆಂಪು ಗೆರೆ ಮುಟ್ಟಿದರೆ ಪಾಳಿಯಲ್ಲಿರುವವನೇ ತಮಟೆ ಬಾರಿಸಬೇಕು. ಪಿಡಿಒ, ತಹಶೀಲ್ದಾರರಿಗೆ ಫೋನು ಆಮೇಲೆ. ಅಪ್ಪಣೆಗೆ ಕಾದರೆ ಆ ಅರ್ಧ ಗಂಟೆಯೂ ಹೋಯಿತು. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112.

ಏರಿಮಣ್ಣು
ಮೇಲಿನದು ಏರಿ ಮೇಲೆ ನೀರು ಹಾರುವ ಮಾತು. ಕೆರೆಗಳು ಒಳಗಿನಿಂದಲೂ ಒಡೆಯುತ್ತವೆ: ಹೆಗ್ಗಣದ ಬಿಲ, ಸತ್ತ ಜಾಲಿಯ ಬೇರು, ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿ) ಪಕ್ಕದ ಸಂದು. ಹಿಂಬದಿ ಬುಡದಲ್ಲಿ ತಿಳಿನೀರು ಒಸರಿದರೆ ಗಾಬರಿ ಬೇಡ, ಗುರುತು ಹಾಕಿ ನೋಡುತ್ತಿರಿ. ರಾತ್ರಿ ಟಾರ್ಚಿನಲ್ಲಿ ಬಣ್ಣ ತಿಳಿಯುವುದಿಲ್ಲ. ಖಾಲಿ ನೀರಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಮಣ್ಣು ನಿಂತರೆ ಏರಿ ಒಳಗೊಳಗೇ ಕರಗುತ್ತಿದೆ ಅಂತ ಅರ್ಥ. ನೀರು ಯಾವ ಗೆರೆಯಲ್ಲೇ ಇರಲಿ, ಅದು ಕೆಂಪೇ.

ಆಗ ಎಲ್ಲರೂ ಮಾಡುವ ತಪ್ಪು ತೂತಿನ ಬಾಯಿಗೆ ಜೇಡಿ ಮೆತ್ತುವುದು. ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಬಾಯಿಯ ಮೇಲೆ ಮರಳು, ಅದರ ಮೇಲೆ 20 ಎಂ.ಎಂ. ಜಲ್ಲಿ, ಆಮೇಲೆ ದಪ್ಪ ಕಲ್ಲು ಹಾಕಿ. ನೀರು ಬರಲಿ, ಮಣ್ಣು ಬರಬಾರದು. ಮರಳನ್ನೇ ಎತ್ತಿ ಎಸೆಯುವಷ್ಟು ರಭಸವಿದ್ದರೆ ಸುತ್ತ ಬಾವಿಕಟ್ಟೆಯಂತೆ ಚೀಲ ಪೇರಿಸಿ, ಮೇಲೊಂದು ಪೈಪು ಬಿಡಿ. ಒಳಗೆ ನೀರು ಎರಡು ಮೂರು ಅಡಿ ನಿಂತರೆ ಒತ್ತಡ ತಗ್ಗಿ ಹರಿವು ತಿಳಿಯಾಗುತ್ತದೆ. ಇದೆಲ್ಲ ಕೆಳಗಿನ ಮನೆಗಳು ಖಾಲಿಯಾದ ಮೇಲೆ, ಏರಿ ಮೇಲೊಬ್ಬ ಕಾವಲಿದ್ದರೆ ಮಾತ್ರ.

ಚೀಲದ ಲೆಕ್ಕ: ಸಿಮೆಂಟ್ ಚೀಲಕ್ಕೆ ಅರ್ಧ ಮಾತ್ರ ತುಂಬಿ. ಬಿಗಿಯಾಗಿ ತುಂಬಿದ್ದು ಉರುಳುತ್ತದೆ, ಸಂದು ಮುಚ್ಚುವುದಿಲ್ಲ. ಇಟ್ಟಿಗೆ ಕಟ್ಟಿದ ಹಾಗೆ ಸಂದಿನ ಮೇಲೆ ಚೀಲ, ಬಾಯಿ ಮಡಚಿ ಚೀಲದ ಕೆಳಗೆ ಬರಲಿ. ಹತ್ತು ಮೀಟರ್ ಉದ್ದ, ಒಂದಡಿ ಎತ್ತರಕ್ಕೆ ಬುಡದಲ್ಲಿ ಮೂರು ಸಾಲು, ಮೇಲೆ ಎರಡು, ತುದಿಗೆ ಒಂದು. ಸುಮಾರು 120 ಚೀಲ, ಮೂರು ಟನ್ ಮರಳು. ಮರಳು, ಜಲ್ಲಿ ಎರಡನ್ನೂ ಸೆಪ್ಟೆಂಬರಿಗೆ ಮೊದಲೇ ಏರಿಯ ಎರಡೂ ತುದಿಗೆ ಸುರಿಸಿ. ನೆನೆದ ಏರಿ ಮೇಲೆ ಟ್ರಾಕ್ಟರ್ ಹೋಗಬಾರದು.

ಕೆರೆಕೆಳಗಿನವ
ತುಂಬಾ ಉಪಕಾರ ಆಯಿತು. ತೂಬು ಪೂರ್ತಿ ಎತ್ತಿಬಿಟ್ಟರೆ ಕೆರೆ ಇಳಿಯುವುದಿಲ್ಲವೇ? ಇನ್ನೊಂದು, ಮೀನು ಹಿಡಿಯುವವರು ಕೋಡಿಗೆ ಬಲೆ ಕಟ್ಟಿದ್ದಾರೆ.

ತೂಬಿನಕಲ್ಲು
ಬಲೆ ಮೊದಲು ಬಿಚ್ಚಿಸಿ ಸಾರ್! ಜೊಂಡು, ತೆಂಗಿನ ಗರಿ ಬಂದು ಬಡಿದರೆ ಬಲೆಯೇ ಕಟ್ಟೆಯಾಗುತ್ತದೆ, ಕೋಡಿ ಇದ್ದೂ ಇಲ್ಲದ ಹಾಗೆ. ಹೆಚ್ಚು ನೀರು ನಿಲ್ಲಲಿ ಅಂತ ಕೋಡಿ ಮೇಲೆ ಚೀಲ ಪೇರಿಸುವುದೂ ಅದೇ ಜಾತಿಯ ತಪ್ಪು. ತೂಬು ಗದ್ದೆಗೆ ನೀರು ಬಿಡುವ ಅಳತೆಯದು. ಎರಡು ಮೂರು ದಿನ ಮೊದಲೇ ತೆರೆದರೆ ಉಪಯೋಗ, ಪ್ರವಾಹ ಬಂದಾಗ ಲೆಕ್ಕಕ್ಕಿಲ್ಲ. ಕತ್ತಲಲ್ಲಿ ತೂಬಿಗೆ ಯಾರೂ ಇಳಿಯಬಾರದು. ಏರಿ, ಕೋಡಿ ಕಡಿಯುವ ಕೆಲಸಕ್ಕೂ ಊರವರು ಕೈ ಹಾಕಬಾರದು, ಅದು ಎಂಜಿನಿಯರ್ ನಿಂತು ಮಾಡಿಸಬೇಕಾದ್ದು. ಅಚ್ಚುಕಟ್ಟು (ಕೆರೆ ನೀರಿನಿಂದ ಬೆಳೆಯುವ ಜಮೀನು) 40 ಹೆಕ್ಟೇರ್ ದಾಟಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯ್ತಿ ವ್ಯವಸ್ಥೆ. ನಿಮ್ಮದು ಯಾವುದೆಂದು ಈಗಲೇ ನೋಡಿಕೊಳ್ಳಿ.

ಲೈನ್‌ಮನೆ
ಬಿಟ್ಟುಹೋದವು ಸೇರಿಸುತ್ತೇನೆ. ನೀರು ಮನೆಗೆ ನುಗ್ಗುವ ಮೊದಲೇ ಬೆಸ್ಕಾಂ 1912ಕ್ಕೆ ಹೇಳಿ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿಸಿ. ಕರೆಂಟ್ ಹೋದರೆ ದೇವಸ್ಥಾನದ ಮೈಕ್ ಸತ್ತಂತೆ, ಅದಕ್ಕೊಂದು ಬ್ಯಾಟರಿ ಬೇಕು. ತಮಟೆಯ ಪೆಟ್ಟೂ ಬೇರೆ ಇರಲಿ: ಮೂರು ಹೊಡೆತ, ತಡೆ, ಮತ್ತೆ ಮೂರು. ಇಲ್ಲದಿದ್ದರೆ ಯಾರದೋ ಮೆರವಣಿಗೆ ಅಂದುಕೊಂಡು ಮಲಗುತ್ತಾರೆ. ದನದ ಹಗ್ಗ ಬಿಚ್ಚಿಬಿಡಿ.

ಕಾಳಜಿ ಕೇಂದ್ರಕ್ಕೆ (ಮನೆ ಬಿಟ್ಟವರು ತಂಗುವ ಜಾಗ) ಶಾಲೆ ಅಂತ ಬರೆಯುವ ಮುಂಚೆ ಶಾಲೆ ಎಲ್ಲಿದೆ ನೋಡಿ. ಎಷ್ಟೋ ಕಡೆ ಕಟ್ಟಿರುವುದು ತಗ್ಗಿನ ಸರ್ಕಾರಿ ಜಾಗದಲ್ಲೇ. ಮೋರಿ ಮೇಲೆ ಒಂದಡಿ ಹರಿವು ಸಣ್ಣ ಕಾರನ್ನು ತೇಲಿಸಲು ಸಾಕು, ಆದ್ದರಿಂದ ಮೋರಿಯ ಆಚೆ ಕೇಂದ್ರ ಬೇಡ. ನೀರು ಇಳಿದ ಮೇಲೆ ಓವರ್‌ಹೆಡ್ ಟ್ಯಾಂಕ್ ತೊಳೆದು, ತಾಜಾ ಬ್ಲೀಚಿಂಗ್ ಪೌಡರ್ 1000 ಲೀಟರಿಗೆ 2.5 ಗ್ರಾಂ ಹಾಕಿ ಅರ್ಧ ಗಂಟೆ ಬಿಡಿ. ಕದಡಿದ ನೀರಿಗೆ ಅದು ಸಾಲದು, ಮೊದಲು ತಿಳಿಯಾಗಲಿ. ಪರಿಹಾರ ಕೇಳಲು ಬೇಕಾಗುತ್ತದೆ, ಮನೆ ಗುಡಿಸುವ ಮೊದಲು ಗೋಡೆಯ ನೀರಿನ ಗೆರೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಸತ್ತ ದನವನ್ನು ಪಶುವೈದ್ಯರು ಬಂದು ನೋಡಿ ಬರೆಯುವ ತನಕ ಹೂಳಬೇಡಿ.