ಕಾರವಾರಕ್ಕೆ ಹೊಸಬ, ಗಾಳದ ರಾಡ್ ಯಾವುದು ತಗೊಳ್ಳಲಿ?

ಕೇಳಿದವರು: ಶಿರಸಿ ಕಡೆಯ ಮಾಸ್ತರು

ಶಿರಸಿ ಹತ್ತಿರದ ಹಳ್ಳಿಯವ ನಾನು. ಈ ವರ್ಷ ಕಾರವಾರದ ಶಾಲೆಗೆ ವರ್ಗವಾಗಿ ಬಂದಿದ್ದೇನೆ. ಊರಲ್ಲಿ ವಾಟೆ ಗಳಕ್ಕೆ ದಾರ ಕಟ್ಟಿ, ಎರೆಹುಳ ಚುಚ್ಚಿ ಹೊಳೆಮೀನು ಹಿಡಿದದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಇಲ್ಲಿ ಸಂಜೆ ಟಾಗೋರ್ ಬೀಚಿನಲ್ಲಿ ರಾಡ್ ಹಿಡಿದು ನಿಂತವರನ್ನು ನೋಡಿ ಆಸೆ ಹುಟ್ಟಿದೆ. ದಂಡೆಯಿಂದ ನೊಗ್ಲಿ, ಕಾಳಿ ಅಳಿವೆಯಲ್ಲಿ ಚೊಣಕ, ಯಾವತ್ತಾದರೂ ಯಾರಾದರೂ ದೋಣಿಗೆ ಕರೆದರೆ ಅಲ್ಲಿಗೂ ಆಗಬೇಕು. ಕೈಯಲ್ಲಿ 6,000 ರೂಪಾಯಿ ಇದೆ. ಅಂಗಡಿಯವರು 12 ಅಡಿಯ, ಒಂದರೊಳಗೊಂದು ಸೇರುವ ರಾಡ್ ತೋರಿಸಿ ‘ಎಲ್ಲದಕ್ಕೂ ಇದೇ ಸಾಕು’ ಅಂದರು. ಸಾಕಾ?

ಕೋಡಿಬಾಗದಿಂದ

ಸಾಕಾಗೂದಿಲ್ಲ ಮಾಸ್ತರೇ. ನಾನೂ ಅಂಥದ್ದೇ ತಂದು ಕೈಸುಟ್ಟುಕೊಂಡವ. ಆ ಸೇರಿಸುವ ರಾಡಿಗೆ ಹೊಯ್ಗೆ ದೊಡ್ಡ ವೈರಿ. ಒಂದು ಕಾಳು ಒಳಗೆ ಹೋಯ್ತೋ, ಎಳೆದರೆ ಬರಲ್ಲ, ತಳ್ಳಿದರೆ ಹೋಗಲ್ಲ. ನನ್ನದರ ತುದಿ ಮೂರನೇ ವಾರಕ್ಕೇ ಮುರೀತು, ಅದೂ ಮೀನಿಗಲ್ಲ, ಕಲ್ಲಿಗೆ ಸಿಕ್ಕ ಸೀಸ (ದಾರಕ್ಕೆ ಕಟ್ಟುವ ಭಾರ) ಎಳೆಯುವಾಗ. ಎರಡು ತುಂಡಿನ ರಾಡ್ ತಗೊಳ್ಳಿ.

ಇನ್ನೊಂದು, ಅಡಿ ಲೆಕ್ಕ ಆಮೇಲೆ. ಮೊದಲು ಹಿಡಿಕೆಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬರೆದಿರುವ ಗ್ರಾಂ ನೋಡಿ. 10–40 ಗ್ರಾಂ ಅಂತಿದ್ದರೆ ಸೀಸ, ಎರೆ ಎಲ್ಲ ಸೇರಿ ಅಷ್ಟರೊಳಗೆ ಇರಬೇಕು. ಅದಕ್ಕೆ 100 ಗ್ರಾಂ ಸೀಸ ಕಟ್ಟಿ ಬೀಸಿದರೆ ಮೀನು ಬರುವ ಮೊದಲೇ ರಾಡ್ ಎರಡಾಗುತ್ತದೆ. 100–150 ಗ್ರಾಮಿನ ರಾಡಿಗೆ 15 ಗ್ರಾಂ ಕಟ್ಟಿದರೆ ಅದು ಬಗ್ಗೂದೇ ಇಲ್ಲ. ಬಗ್ಗದಿದ್ದರೆ ಎಸೆತ ಕಾಲಬುಡಕ್ಕೇ ಬೀಳ್ತದೆ. ನಿಮಗೆ ತೋರಿಸಿದ 12 ಅಡಿಯದು ಹೆಚ್ಚಾಗಿ ಈ ಎರಡನೇ ಜಾತಿಯದು.

ನೊಗ್ಲಿ (ಮಂಗಳೂರು ಕಡೆ ಕಾಣೆ ಅಂತಾರೆ) ಹೊಯ್ಗೆಯ ತಳದ ಮೀನು, ಬಾಯಿ ಸಣ್ಣದು. ಅದಕ್ಕೆ ದೂರ ಎಸೆಯಬೇಕು ಅನ್ನೂದು ತಪ್ಪು ತಿಳುವಳಿಕೆ. ಅಲೆ ಒಡೆದು ಬಿಳಿ ಆಗುವ ಜಾಗದ ಈಚೆಗೆ ಒಂದು ತಗ್ಗು ಇರ್ತದೆ, ನೀರಿನ ಬಣ್ಣ ಸ್ವಲ್ಪ ಕಪ್ಪು. ಅಲ್ಲಿಗೆ ಬಿದ್ದರೆ ಸಾಕು. 8ರಿಂದ 9 ಅಡಿ, ತುದಿ ಮೆತ್ತಗಿರುವ ರಾಡ್, 20 ಗ್ರಾಂ ಸೀಸ, ಸಣ್ಣ ಗಾಳ. ಸಿಪ್ಪೆ ತೆಗೆದ ಶೆಟ್ಲಿಯನ್ನು (ಸಿಗಡಿ) ಕಿರುಬೆರಳಿನ ಉಗುರಿನಷ್ಟೇ ಚೂರು ಮಾಡಿ ಚುಚ್ಚಿ. ನೊಗ್ಲಿ ಕಚ್ಚಿದರೆ ತುದಿ ಎರಡು ಸಲ ಟುಕ್ ಟುಕ್ ಅನ್ನುತ್ತದೆ, ಅಷ್ಟೇ. ಗಟ್ಟಿ ರಾಡಿನಲ್ಲಿ ಅದು ಅಲೆಯೋ ಮೀನೋ ಗೊತ್ತೇ ಆಗೂದಿಲ್ಲ. ಎರೆ ತಿಂದು ಹೋದ ಮೇಲೆ ಬರೀ ಗಾಳ ಕಾಯ್ತಾ ಕೂತಿರ್ತೀರಿ.

ಸದಾಶಿವಗಡದಿಂದ

ಮೇಲಿನವರು ಹೇಳಿದ್ದು ದಂಡೆಗೆ ಸರಿ. ಆ ರಾಡ್ ಹಿಡಿದು ಚೊಣಕದ ಬೆನ್ನು ಹತ್ತಬೇಡಿ.

ಚೊಣಕ ಅಂದರೆ ಪಂಜರದಲ್ಲಿ ಸಾಕ್ತಾರಲ್ಲ, ಅದೇ ಕುರಡಿ. ಅಳಿವೆಯ ಉಪ್ಪು-ಸಿಹಿ ನೀರು ಕೂಡುವ ಕಡೆ, ಕಾಂಡ್ಲಾ ಬೇರು, ಕಲ್ಲು, ಕಂಬದ ಮರೆಯಲ್ಲಿ ನಿಂತಿರ್ತದೆ. ಅದರ ಜೊತೆಗೇ ಕೊಂಕಣಿಯಲ್ಲಿ ತಾಂಬೊಸೊ ಅನ್ನುವ ಕೆಂಪು ಮೀನೂ ಇರ್ತದೆ. ಚೊಣಕ ಕಚ್ಚಿದರೆ ನೀರಿನ ಮೇಲೆ ಹಾರಿ ತಲೆ ಕೊಡವುತ್ತದೆ. ತಾಂಬೊಸೊ ಹಾಗಲ್ಲ, ಕಚ್ಚಿದ ಕ್ಷಣ ಬಂದ ಬಿಲಕ್ಕೇ ವಾಪಸು. ಮೊದಲ ಎರಡು ಸೆಕೆಂಡಿನಲ್ಲಿ ಅದರ ತಲೆ ತಿರುಗಿಸದಿದ್ದರೆ ಮುಗೀತು.

ನನಗೆ ಇದು ಗೊತ್ತಾದದ್ದು ಹೀಗೆ. ನೊಗ್ಲಿ ಹಿಡಿಯುವ ಮೆತ್ತನೆ ರಾಡಲ್ಲೇ ಒಂದು ಸಂಜೆ ಕಾಳಿ ದಡದಲ್ಲಿ ರಬ್ಬರ್ ಮೀನು ಎಸೆದಿದ್ದೆ. ರಪ್ಪಂತ ಹೊಡೀತು. ರಾಡ್ ಹಿಡಿಕೆಯವರೆಗೂ ಬಗ್ಗಿತು, ನಾನು ಖುಷಿಯಿಂದ ನೋಡ್ತಾ ನಿಂತೆ. ಬಗ್ಗುವುದಷ್ಟೇ ಆಯ್ತು, ಮೀನು ಒಂದಿಂಚೂ ನನ್ನ ಕಡೆ ಬರಲಿಲ್ಲ. ದಾರ ಕಲ್ಲಿಗೆ ಉಜ್ಜುವ ಸದ್ದು ಬೆರಳಿಗೆ ಗೊತ್ತಾಯ್ತು, ಮರುಕ್ಷಣ ಸಡಿಲ. ಎಳೆದು ನೋಡಿದರೆ ದಾರದ ತುದಿ ಹತ್ತಿಯ ಹಾಗೆ ಅರಳಿತ್ತು.

ಈಗ ಇಟ್ಟುಕೊಂಡಿರೋದು 7 ಅಡಿಯದು, 15–50 ಗ್ರಾಂ, ‘ಮೀಡಿಯಂ ಹೆವಿ, ಫಾಸ್ಟ್’ ಅಂತ ಬರೆದಿದೆ. ಹೆವಿ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅನ್ನೂದು. ಫಾಸ್ಟ್ ಅಂದರೆ ಎಲ್ಲಿ ಬಗ್ತದೆ ಅನ್ನೂದು. ಫಾಸ್ಟ್ ಇದ್ದರೆ ತುದಿಯ ಮೂರನೇ ಒಂದು ಭಾಗ ಮಾತ್ರ ಬಗ್ತದೆ, ಕೆಳಗೆ ಬಲ ಉಳೀತದೆ. ಅಂಗಡಿಯವರಿಗೂ ಕೆಲವೊಮ್ಮೆ ಈ ಎರಡು ಬೇರೆ ಬೇರೆ ಅಂತ ಗೊತ್ತಿರಲ್ಲ! ರೀಲ್ (ದಾರ ಸುತ್ತುವ ಗಾಲಿ) 4000 ಸೈಜಿನದು, ದಾರ ಹೆಣೆದದ್ದು, ಅದರ ತುದಿಗೆ ಒಂದು ಮಾರು ಲೀಡರ್, ಅಂದರೆ 40 ಪೌಂಡ್ ಎಳೆತ ತಾಳುವ ದಪ್ಪ ದಾರದ ತುಂಡು. ಲೀಡರ್ ಬಿಡಲೇಬೇಡಿ, ಚೊಣಕದ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗಿರ್ತದೆ. ಬೆರಳನ್ನೂ ಅಲ್ಲಿಗೆ ಹಾಕಬೇಡಿ.

ಕಾಳಿ ಸೇತುವೆ ಹತ್ತಿರ ಹೋಗ್ತೀರಾದರೆ ಒಂದು ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಬಿದ್ದದ್ದು ಗೊತ್ತಲ್ಲ, ಆಮೇಲಿಂದ ನಾನಂತೂ ಆ ಕಂಬಗಳ ಸಾಲು ಬಿಟ್ಟು ಮೇಲ್ಗಡೆ ದಡದಲ್ಲೇ ನಿಲ್ಲೋದು.

ಬೇಲೆಕೇರಿಯಿಂದ

ದೋಣಿಗಂತ ಈಗಲೇ ರಾಡ್ ತಗೋಬೇಡಿ ಸರ್. ಕರೆದುಕೊಂಡು ಹೋಗುವವರ ಹತ್ತಿರ ದಾರ ಇದ್ದೇ ಇರ್ತದೆ, ಬರೀ ಕೈಯಲ್ಲೇ ಹಿಡೀಬಹುದು. ದೋಣಿ ರಾಡ್ ಗಿಡ್ಡ ಇರಬೇಕು, ಐದೂವರೆ-ಆರು ಅಡಿ. ಕೆಳಗೆ ನೇರ ಬಿಟ್ಟು ಮೇಲಕ್ಕೆ ಎತ್ತುವ ಕೆಲಸ, ಉದ್ದ ಇದ್ದರೆ ಸೊಂಟ ಬೀಳ್ತದೆ. ಇಸ್ವಣ (ಅಂಜಲ್ ಮೀನು) ಬೇಕು ಅಂತಿದ್ದರೆ ದಾರದ ತುದಿಗೆ ತಂತಿ ಕಟ್ಟಿ, ಅದರ ಹಲ್ಲಿಗೆ ನೈಲಾನ್ ನಿಲ್ಲಲ್ಲ. ಜೂನ್, ಜುಲೈ ಹೇಗೂ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಯಾರೂ ಕರೆಯೂದಿಲ್ಲ.

ತದಡಿಯಿಂದ

ನಮ್ಮ ಅಪ್ಪ ಇಷ್ಟೆಲ್ಲ ಗ್ರಾಂ ನೋಡಲಿಲ್ಲ. ಮರದ ತುಂಡಿಗೆ ದಾರ ಸುತ್ತಿಕೊಂಡು ಅಘನಾಶಿನಿ ದಡಕ್ಕೆ ಹೋದರೆ ಸಾರಿಗೆ ಆಗುವಷ್ಟು ತರ್ತಿದ್ದ. ಆದರೆ ನೀರು ಏರುವ ಹೊತ್ತು ಅವನ ಬಾಯಲ್ಲೇ ಇರ್ತಿತ್ತು. ಮಾಸ್ತರು ಅದನ್ನು ಕಲಿತರೆ ರಾಡ್ ಯಾವುದಾದರೂ ನಡೀತದೆ ಅಂತ ನನ್ನ ಅಂಬೋಣ. ಕೋಡಿಬಾಗದವರು ಬಯ್ಯಬಾರದು.

ಕೋಡಿಬಾಗದಿಂದ

ಬಯ್ಯೂದಿಲ್ಲ ಮಾರಾಯ್ರೆ, ಅದೂ ಖರೆ. ಅಂಗಡಿಯಲ್ಲಿ ನೋಡಬೇಕಾದ್ದು ಮಾತ್ರ ಬರೀತೇನೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಒಂದು ಜೇಬಲ್ಲಿಟ್ಟುಕೊಳ್ಳಿ. ದಾರ ಹೋಗುವ ಪ್ರತಿ ಬಳೆಯೊಳಗೂ ಅದನ್ನು ತಿರುಗಿಸಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ಅದೇ ದಾರ ಕೊಯ್ಯುತ್ತದೆ. ಮನೆಗೆ ಬಂದ ಮೇಲೆ ಪ್ರತಿ ಸಲ ಸಿಹಿನೀರಲ್ಲಿ ತೊಳೆಯಿರಿ. ಮೀನು ಕಾಲಬುಡಕ್ಕೆ ಬಂದಾಗ ರಾಡ್ ಆಕಾಶಕ್ಕೆ ಎತ್ತಬೇಡಿ, ಮುರಿಯೂದು ಹೆಚ್ಚಾಗಿ ಆಗಲೇ. ಗುಡುಗು ಶುರುವಾದರೆ ಕಾರ್ಬನ್ ರಾಡ್ ಕೆಳಗಿಟ್ಟು ದಂಡೆ ಬಿಡಿ, ಅದರಲ್ಲಿ ಕರೆಂಟ್ ಹರೀತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. 12 ಅಡಿ ಬಿಟ್ಟೆ. 8 ಅಡಿ, 10–40 ಗ್ರಾಂ, ಎರಡು ತುಂಡಿನದು ತಂದೆ. ರೀಲ್ 4000ದ್ದೇ ತಗೊಂಡೆ, ಮುಂದೆ ಚೊಣಕದ ರಾಡಿಗೂ ಆಗಲಿ ಅಂತ. ನಿನ್ನೆ ತಗ್ಗು ಹುಡುಕಿ ಎಸೆದೆ. ಟುಕ್ ಟುಕ್ ಅಂದದ್ದು ಹೌದು, ಬಂದದ್ದು ಮಾತ್ರ ನೊಗ್ಲಿ ಅಲ್ಲ, ಮೀಸೆ ಇರುವ ಎಂಥದ್ದೋ ಮೀನು. ಬಿಡಿಸಲು ಹೋಗಿ ಬೆರಳಿಗೆ ಚುಚ್ಚಿಸಿಕೊಂಡೆ, ಇನ್ನೂ ಉರೀತಿದೆ. ಮತ್ತೆ, ರಾಡಿನ ಎರಡು ತುಂಡು ಬಿಗಿಯಾಗಿ ಕೂತುಬಿಟ್ಟಿದೆ, ಬಿಚ್ಚಲು ಬರ್ತಿಲ್ಲ.

ಸದಾಶಿವಗಡದಿಂದ

ಬೆರಳು ಮೊದಲು! ಆ ಮೀಸೆ ಮೀನಿನ ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳಿಗೆ ವಿಷ ಇದೆ. ತಾಳುವಷ್ಟು ಬಿಸಿ ನೀರಲ್ಲಿ ಬೆರಳು ಅದ್ದಿಡಿ, ಊತ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಮುಳ್ಳಿನ ಚೂರು ಒಳಗೆ ಉಳಿದಿರಬಹುದು. ಇನ್ನು ಮುಂದೆ ಇಕ್ಕಳ ಇಲ್ಲದೆ ಹೋಗಬೇಡಿ.

ರಾಡಿಗೆ: ಸ್ವಲ್ಪ ಕುಕ್ಕರಿಸಿ, ಮೊಣಕಾಲಿನ ಹಿಂದೆ ರಾಡನ್ನು ಅಡ್ಡ ಹಿಡಿಯಿರಿ, ಕೀಲು ನಡುವೆ ಬರಲಿ. ಎರಡು ಕೈಯೂ ಮೊಣಕಾಲಿನ ಹೊರಮಗ್ಗುಲಿಗೆ ತಾಗಿರಲಿ. ಈಗ ಕೈಯಿಂದ ಎಳೆಯಬೇಡಿ, ಮೊಣಕಾಲು ಅಗಲಿಸಿ. ಟಪ್ ಅಂತ ಬಿಡ್ತದೆ. ಆಮೇಲೆ ಕೀಲಿಗೆ ಮೇಣದಬತ್ತಿ ಉಜ್ಜಿಡಿ.