ಒಂದೇ ದಿನ ಬೀಸಿದ ಹಿಟ್ಟಿಗೆ ಎರಡು ಅಫ್ಲಾಟಾಕ್ಸಿನ್ ವರದಿ: ಯಾವುದನ್ನು ನಂಬಬೇಕು?

ಪ್ರಶ್ನೆ (ಸ್ವಸಹಾಯ ಸಂಘದ ಸದಸ್ಯೆ, ಶಿರಾ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಹನ್ನೊಂದು ಮಹಿಳೆಯರು ಸೇರಿ ಮೊಳಕೆ ರಾಗಿ, ಮುಸುಕಿನ ಜೋಳ ಮತ್ತು ಹುರಿದ ಕಡಲೆಕಾಯಿ ಬೀಜ ಬೆರೆಸಿದ ಮಾಲ್ಟ್ ಪುಡಿಯನ್ನು ತಯಾರಿಸಿ ತುಮಕೂರಿನ ಅಂಗಡಿಗಳಿಗೆ ಕೊಡುತ್ತಿದ್ದೇವೆ. ಕಳೆದ ತಿಂಗಳು ಒಂದೇ ದಿನ ಬೀಸಿದ ಪುಡಿಯ ಎರಡು ಪ್ಯಾಕೆಟ್‌ಗಳನ್ನು ಎರಡು ಪ್ರಯೋಗಾಲಯಗಳಿಗೆ ಕಳುಹಿಸಿದೆವು. ಎಲೈಸಾ ವಿಧಾನದಲ್ಲಿ (ಬಣ್ಣ ನೋಡಿ ಅಳೆಯುವ ಕಿಟ್) ಪರೀಕ್ಷಿಸಿದವರು ಒಟ್ಟು ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ಕಿಲೋಗೆ 22 ಮೈಕ್ರೋಗ್ರಾಂ ಎಂದು ಬರೆದರೆ, ಎಚ್‌ಪಿಎಲ್‌ಸಿ (ಸಾರದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರದಲ್ಲಿ ಪರೀಕ್ಷಿಸಿದವರು 4 ಎಂದು ಬರೆದಿದ್ದಾರೆ. ಧಾನ್ಯ ಪದಾರ್ಥಗಳಿಗೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಇಟ್ಟಿರುವ ಮಿತಿ 15. ನಮ್ಮ ಮನೆಯ ಮಕ್ಕಳೂ ಇದನ್ನೇ ಕುಡಿಯುವುದರಿಂದ ಉಳಿದ ಪ್ಯಾಕೆಟ್‌ಗಳನ್ನು ಅಂಗಡಿಗೆ ಕೊಡದೆ ಇಟ್ಟುಕೊಂಡಿದ್ದೇವೆ. ದೊಡ್ಡ ಯಂತ್ರ ಹೇಳಿದ್ದೇ ಸರಿ ಎಂದು ತಿಳಿಯಬಹುದೇ?

ಉತ್ತರ 1 (ಆಹಾರ ಪರೀಕ್ಷಣಾ ತಂತ್ರಜ್ಞ, ತುಮಕೂರು)

ಪ್ಯಾಕೆಟ್‌ಗಳನ್ನು ತಡೆದಿಟ್ಟದ್ದು ಸರಿಯಾದ ಕೆಲಸ, ಅಕ್ಕ. ಎಲೈಸಾದಲ್ಲಿ ಬಾವಿಯಂಥ ಪುಟ್ಟ ಗುಳಿಗಳ ತಳಕ್ಕೆ ಪ್ರತಿಕಾಯಗಳನ್ನು (ವಿಷವನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳನ್ನು) ಅಂಟಿಸಿರುತ್ತಾರೆ. ಮಾದರಿಯಲ್ಲಿರುವ ವಿಷವೂ ಬಣ್ಣ ಬರಿಸುವ ಕಿಣ್ವ ಜೋಡಿಸಿದ ವಿಷವೂ ಆ ಪ್ರತಿಕಾಯಗಳಿಗಾಗಿ ಪೈಪೋಟಿ ನಡೆಸುವುದರಿಂದ, ಮಾದರಿಯಲ್ಲಿ ವಿಷ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ ಬರುತ್ತದೆ. ಹೀಗಾಗಿ ಬೇರಾವುದೋ ಕಾರಣದಿಂದ ಬಣ್ಣ ಕುಗ್ಗಿದರೂ ವಿಷ ಹೆಚ್ಚಿರುವಂತೆಯೇ ತೋರುತ್ತದೆ. ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್‌ನಂಥ ಒಗರು ಪದಾರ್ಥಗಳು ಇಂಥ ಅಡ್ಡಿಯನ್ನು ಉಂಟುಮಾಡಬಲ್ಲವು. ಕಿಟ್ ಮುಸುಕಿನ ಜೋಳಕ್ಕೆ ಪರಿಶೀಲಿತವಾಗಿದೆ ಎಂದ ಮಾತ್ರಕ್ಕೆ ರಾಗಿಗೂ ಸಲ್ಲುತ್ತದೆ ಎನ್ನಲಾಗದು.

ಎಚ್‌ಪಿಎಲ್‌ಸಿಯಲ್ಲಿ ಮೆಥನಾಲ್ ಮತ್ತು ನೀರಿನಲ್ಲಿ ತೆಗೆದ ಸಾರವನ್ನು ಪ್ರತಿಕಾಯವಿರುವ ಕಾಲಂನಲ್ಲಿ ಶುದ್ಧಗೊಳಿಸಿ, ಬಿ1, ಬಿ2, ಜಿ1, ಜಿ2 ಎಂಬ ನಾಲ್ಕು ಬಗೆಯ ಅಫ್ಲಾಟಾಕ್ಸಿನ್‌ಗಳನ್ನೂ ಬಿಡಿಬಿಡಿಯಾಗಿ ಅವುಗಳ ಹೊಳಪಿನಿಂದ ಅಳೆಯುತ್ತಾರೆ. ಆದರೆ ನೀರು ಬೆರೆತ ದ್ರಾವಣದಲ್ಲಿ ಬಿ1 ಮತ್ತು ಜಿ1ರ ಹೊಳಪು ಮಂಕಾಗುವುದರಿಂದ ಬ್ರೋಮಿನ್‌ನಿಂದಲೋ ನೇರಳಾತೀತ ಬೆಳಕಿನಿಂದಲೋ ಅದನ್ನು ಹೆಚ್ಚಿಸಬೇಕು. ಆ ಹಂತ ಕೆಟ್ಟರೆ ನಾಲ್ಕರಲ್ಲಿ ಅತ್ಯಂತ ಅಪಾಯಕಾರಿಯಾದ ಬಿ1 ಕಡಿಮೆ ಕಾಣುತ್ತದೆ. ಆದ್ದರಿಂದ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ವಿಷವಿಲ್ಲದ ರಾಗಿ ಹಿಟ್ಟಿಗೆ ತಿಳಿದ ಪ್ರಮಾಣದ ಅಫ್ಲಾಟಾಕ್ಸಿನ್ ಸೇರಿಸಿ ಅಳೆದಾಗ ನೂರಕ್ಕೆ ಎಷ್ಟು ಮರಳಿ ಸಿಕ್ಕಿತು? ಉತ್ತರವಿಲ್ಲದ ವರದಿಯನ್ನು ನಾನಾದರೆ ಒಪ್ಪುವುದಿಲ್ಲ.

ಉತ್ತರ 2 (ನಿವೃತ್ತ ಕೃಷಿ ಅಧಿಕಾರಿ, ಮಧುಗಿರಿ)

ಯಂತ್ರದ ಮಾತಿಗೆ ಮೊದಲು ಮೂಟೆಯ ಮಾತು ಬರಬೇಕು. ಬೂಷ್ಟು ಎಲ್ಲ ಕಾಳಿಗೂ ಸಮನಾಗಿ ಹಿಡಿಯುವುದಿಲ್ಲ. ಬೆರಳೆಣಿಕೆಯ ಕಾಳುಗಳಲ್ಲಿ ವಿಪರೀತ ವಿಷವಿದ್ದು ಉಳಿದವು ಶುದ್ಧವಾಗಿರಬಹುದು. ತಾಯೀ, ನೀವು ಎಲ್ಲವನ್ನೂ ಬೆರೆಸಿ ಬೀಸಿದಿರೋ, ಅಥವಾ ಮೂಟೆಗೊಂದು ಸಲ ಬೀಸಿ ಪ್ಯಾಕ್ ಮಾಡಿದಿರೋ?

ಇನ್ನೊಂದು ಮಾತು: 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು.

ಪ್ರಶ್ನೆ ಕೇಳಿದವರು

ಮೂಟೆಗೊಂದು ಸಲ ಬೀಸಿದ್ದೇವೆ, ಸರ್. ಜೋಳದ ಒಂದು ಮೂಟೆ ತುಂತುರು ಮಳೆಗೆ ನೆನೆದಿತ್ತು, ಒಣಗಿಸಿ ಬಳಸಿದ್ದೆವು. ಹುರಿದರೆ ದೋಷ ಹೋಗುತ್ತದೆ ಎಂದುಕೊಂಡಿದ್ದೆವು.

ಉತ್ತರ 1ರವರು ಮತ್ತೆ

ಹಾಗಿದ್ದರೆ ಎರಡು ವರದಿಗಳೂ ತಮ್ಮ ತಮ್ಮ ಪ್ಯಾಕೆಟ್‌ನ ಮಟ್ಟಿಗೆ ನಿಜವಾಗಿರುವ ಸಾಧ್ಯತೆಯಿದೆ. ಹುರಿಯುವುದರಿಂದ ಅಫ್ಲಾಟಾಕ್ಸಿನ್ ಸ್ವಲ್ಪ ಕುಗ್ಗಬಹುದೇ ಹೊರತು ಪೂರ್ತಿ ನಾಶವಾಗುವುದಿಲ್ಲ. ನೆನೆದ ಮೂಟೆಯ ಜೋಳ ಸೇರಿದ ಪ್ಯಾಕೆಟ್‌ಗಳನ್ನು ಗುರುತಿಸಲು ಸಾಧ್ಯವಾದರೆ ಅವನ್ನು ಬೇರೆಯಿಡಿ, ಸಾಧ್ಯವಾಗದಿದ್ದರೆ ಆ ದಿನದ್ದೆಲ್ಲವನ್ನೂ ಕೈಬಿಡಿ. ದನಕರುಗಳಿಗೂ ಹಾಕಬೇಡಿ, ಏಕೆಂದರೆ ಹಸು ತಿಂದ ಬಿ1, ಎಂ1 ಎಂಬ ಇನ್ನೊಂದು ಬಗೆಯ ಅಫ್ಲಾಟಾಕ್ಸಿನ್ ಆಗಿ ಹಾಲಿಗೆ ಇಳಿಯುತ್ತದೆ.

ಮುಂದಿನ ಸಲ ಬೀಸುವ ಮೊದಲೇ ಪ್ರತಿ ಮೂಟೆಯ ಮೇಲೆ, ನಡುವೆ, ತಳದಲ್ಲಿ ಕಾಳು ತೆಗೆದು, ಎಲ್ಲವನ್ನೂ ಸೇರಿಸಿ, ನುಣ್ಣಗೆ ಬೀಸಿ, ರಾಶಿ ಹಾಕಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲನ್ನು ಬೆರೆಸಿ ಮತ್ತೆ ಹಾಗೆಯೇ ಮಾಡುತ್ತಾ ಒಂದು ಕಿಲೋಗೆ ಇಳಿಸಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕಳುಹಿಸಿ. ಮುಸುಕಿನ ಜೋಳ ಬಳಸುವುದರಿಂದ ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷವನ್ನೂ ನೋಡಲು ಹೇಳಿ. ಎಲ್‌ಸಿ-ಎಂಎಸ್ (ಬೇರ್ಪಡಿಸಿದ ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಸೌಲಭ್ಯವಿರುವಲ್ಲಿ ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಅಳೆಯಲು ಸಾಧ್ಯ.